ಬ್ರಿಟನ್ನಿನ ರಜಾ ಬಾಡಿಗೆ ಮನೆ: ತೆರಿಗೆಯ ಹೊಣೆ ಮತ್ತು ಲೆಕ್ಕಪರಿಶೋಧಕರ ಆಯ್ಕೆ

ಮಕ್ಕಳ ವ್ಯಾಸಂಗ ಅಥವಾ ವ್ಯಾಪಾರ ಸಂಬಂಧದ ನಿಮಿತ್ತ ಬ್ರಿಟನ್ನಿನಲ್ಲಿ ಮನೆ ಕೊಂಡು, ಅದನ್ನು ಪ್ರವಾಸಿಗರಿಗೆ ಅಲ್ಪಾವಧಿ ಬಾಡಿಗೆಗೆ ನೀಡುವ ಉದ್ಯಮಿಗಳು ನಮ್ಮಲ್ಲಿಯೂ ಇದ್ದಾರೆ. ಅಲ್ಲಿ ತೆರಿಗೆ ಕಟ್ಟಿದ ಮೇಲೆ ಇಲ್ಲಿ ಯಾವ ಹೊಣೆಯೂ ಉಳಿಯದೆಂಬ ಭಾವನೆ ಸರಿಯಲ್ಲ. ಅದು ದುಬಾರಿಯಾಗಿಯೂ ಪರಿಣಮಿಸಬಹುದು.

ಎರಡು ದೇಶಗಳ ಹಕ್ಕು

ಭಾರತದ ಸಾಮಾನ್ಯ ನಿವಾಸಿಯಾದ ಕರದಾತನ ಜಾಗತಿಕ ಆದಾಯವೆಲ್ಲವೂ ಇಲ್ಲಿ ತೆರಿಗೆಗೆ ಒಳಪಡುತ್ತದೆ. ಸ್ಥಿರಾಸ್ತಿ ಇರುವ ದೇಶವೂ ಅದರ ಬಾಡಿಗೆಯ ಮೇಲೆ ತೆರಿಗೆ ವಿಧಿಸಬಹುದೆಂದು ಭಾರತ–ಬ್ರಿಟನ್ ಒಪ್ಪಂದದ 6ನೆಯ ವಿಧಿ ಹೇಳುತ್ತದೆ. ಮಾಲೀಕರು ಹೊರದೇಶದಲ್ಲಿ ವಾಸವಾಗಿದ್ದರೆ, ಬಾಡಿಗೆ ವಸೂಲು ಮಾಡುವ ಏಜೆಂಟರು ಮೂಲ ದರದಲ್ಲಿ ತೆರಿಗೆ ಮುರಿದುಕೊಳ್ಳಬೇಕು. ಬ್ರಿಟನ್ನಿನ ಕಂದಾಯ ಇಲಾಖೆಯ ಪೂರ್ವಾನುಮತಿ ಪಡೆದವರಿಗೆ ಬಾಡಿಗೆ ಪೂರ್ಣವಾಗಿ ಸಂದಾಯವಾಗುತ್ತದೆ. ಆದರೆ ವಾರ್ಷಿಕ ವಿವರಪಟ್ಟಿ ತಪ್ಪುವುದಿಲ್ಲ. ಸುಸಜ್ಜಿತ ರಜಾ ಮನೆಗಳಿಗೆ ಇದ್ದ ವಿಶೇಷ ರಿಯಾಯಿತಿಗಳು 2025ರ ಏಪ್ರಿಲ್‌ನಲ್ಲಿ ರದ್ದಾದವು. ಹಳೆಯ ಲೆಕ್ಕಾಚಾರವನ್ನು ನಂಬಿ ಕೊಂಡವರು ಅದನ್ನು ಪರಿಷ್ಕರಿಸಿಕೊಳ್ಳಬೇಕು.

ಮೂರು ಬಗೆಯ ವರ್ಷ

ಬ್ರಿಟನ್ನಿನ ತೆರಿಗೆ ವರ್ಷ ಏಪ್ರಿಲ್ 5ಕ್ಕೆ ಮುಗಿಯುತ್ತದೆ, ನಮ್ಮದು ಮಾರ್ಚ್ 31ಕ್ಕೆ. ನಮ್ಮ ವಿವರಪಟ್ಟಿಯ ವಿದೇಶಿ ಆಸ್ತಿ ಅನುಸೂಚಿಗೆ ಡಿಸೆಂಬರ್ 31ಕ್ಕೆ ಕೊನೆಗೊಳ್ಳುವ ವರ್ಷದ ಮಾಹಿತಿ ಬೇಕು. ಆದುದರಿಂದ ಬಾಡಿಗೆ, ಖರ್ಚು ಹಾಗೂ ತೆರಿಗೆಯನ್ನು ತಿಂಗಳುವಾರು ಬರೆದಿಡುವುದೇ ಸೂಕ್ತ ಮಾರ್ಗ.

ವಿದೇಶಿ ತೆರಿಗೆಯ ಜಮೆ

ಅಲ್ಲಿ ತೆತ್ತ ತೆರಿಗೆಗೆ ಇಲ್ಲಿ ಜಮೆ ದೊರೆಯುತ್ತದೆ. ಆದರೆ ಎರಡರಲ್ಲಿ ಕಡಿಮೆಯಾದ ಮೊತ್ತಕ್ಕೆ ಮಾತ್ರ. ಒಂದೇ ಆದಾಯಕ್ಕೆ ಅಲ್ಲಿ 2 ಲಕ್ಷ, ಇಲ್ಲಿ 3 ಲಕ್ಷ ರೂಪಾಯಿ ತೆರಿಗೆಯಾದರೆ, ಇಲ್ಲಿ ಇನ್ನೂ 1 ಲಕ್ಷ ಕಟ್ಟಬೇಕು. ಅಲ್ಲಿ 3 ಲಕ್ಷ, ಇಲ್ಲಿ 2 ಲಕ್ಷವಾದರೆ ಹೆಚ್ಚಿನ 1 ಲಕ್ಷ ಮರುಪಾವತಿಯಾಗದು. ಜಮೆ ಕೋರಲು ನಿಗದಿತ ನಮೂನೆ ಮತ್ತು ತೆರಿಗೆ ಪಾವತಿಯ ಪುರಾವೆ ಅಗತ್ಯ.

ಮರೆತರೆ ದಂಡ

ಮನೆಯನ್ನೂ ಅಲ್ಲಿನ ಬ್ಯಾಂಕ್ ಖಾತೆಯನ್ನೂ ಅನುಸೂಚಿಯಲ್ಲಿ ತೋರಿಸದಿದ್ದರೆ, ತೆರಿಗೆ ಬಾಕಿ ಇಲ್ಲದಿದ್ದರೂ, 2015ರ ಕಪ್ಪುಹಣ ಕಾಯಿದೆಯಂತೆ 10 ಲಕ್ಷ ರೂಪಾಯಿ ದಂಡ ವಿಧಿಸಬಹುದು. 2024ರ ಅಕ್ಟೋಬರ್ 1ರಿಂದ 20 ಲಕ್ಷ ರೂಪಾಯಿವರೆಗಿನ ವಿದೇಶಿ ಆಸ್ತಿಗೆ ವಿನಾಯಿತಿ ಬಂದಿದ್ದರೂ, ಸ್ಥಿರಾಸ್ತಿಗೆ ಅದು ಅನ್ವಯಿಸದು.

ಲೆಕ್ಕಪರಿಶೋಧಕರ ಆಯ್ಕೆ

ಬ್ರಿಟನ್ನಿನಲ್ಲಿ ಯಾರು ಬೇಕಾದರೂ ತಮ್ಮನ್ನು ‘ಅಕೌಂಟೆಂಟ್’ ಎಂದು ಕರೆದುಕೊಳ್ಳಬಹುದು. ಆದುದರಿಂದ ಐಸಿಎಇಡಬ್ಲ್ಯೂ, ಎಸಿಸಿಎ ಅಥವಾ ಸಿಐಒಟಿಯಂತಹ ಮಾನ್ಯ ಸಂಸ್ಥೆಯ ಸದಸ್ಯತ್ವವನ್ನು ಆ ಸಂಸ್ಥೆಯಲ್ಲಿಯೇ ವಿಚಾರಿಸಿ ಖಚಿತಪಡಿಸಿಕೊಳ್ಳತಕ್ಕದ್ದು. ಅನಿವಾಸಿ ಮಾಲೀಕರ ವಿವರಪಟ್ಟಿಗಳನ್ನು ಅವರು ಹಿಂದೆ ಸಲ್ಲಿಸಿದ್ದಾರೆಯೇ ಎಂದು ಕೇಳಬೇಕು. ಶುಲ್ಕ, ಕೆಲಸದ ವ್ಯಾಪ್ತಿ ಹಾಗೂ ಗಡುವಿನ ಹೊಣೆ ಲಿಖಿತ ಪತ್ರದಲ್ಲಿರಬೇಕು. ಅಂತರಜಾಲದ ಮೂಲಕ ವಿವರಪಟ್ಟಿ ಸಲ್ಲಿಸಲು ಅಲ್ಲಿನ ಗಡುವು ಜನವರಿ 31.

ಏಜೆಂಟರೇ ಸೂಚಿಸಿದ ಲೆಕ್ಕಿಗರನ್ನು ವಿಚಾರಿಸದೆ ಒಪ್ಪುವುದು ವಿವೇಕವಲ್ಲ. ಏಜೆಂಟರ ಲೆಕ್ಕವನ್ನು ಪರಿಶೀಲಿಸಬೇಕಾದವರೂ ಅವರೇ. ಇಲ್ಲಿನ ಲೆಕ್ಕಪರಿಶೋಧಕರಿಗೆ ಅಲ್ಲಿನ ವಿವರಪಟ್ಟಿಯ ಪ್ರತಿ, ತೆರಿಗೆ ರಸೀದಿ ಮತ್ತು ಬ್ಯಾಂಕ್ ಲೆಕ್ಕಪಟ್ಟಿಗಳನ್ನು ಇಲ್ಲಿನ ಗಡುವಿಗೆ ಸಾಕಷ್ಟು ಮುಂಚೆ ತಲುಪಿಸಬೇಕು. ಇಬ್ಬರು ವೃತ್ತಿಪರರಿಗೂ ಪರಸ್ಪರ ಪರಿಚಯವಿದ್ದಲ್ಲಿ, ಒಬ್ಬರು ಬಿಟ್ಟ ಅಂಶ ಇನ್ನೊಬ್ಬರ ಗಮನಕ್ಕೆ ಬರುವ ಸಾಧ್ಯತೆ ಹೆಚ್ಚು.