ನದಿಯ ಈ ದಡ, ಆ ದಡ

ಜೀವವಿಕಾಸವೆಂದೊಡನೆ ನಮಗೆ ಡಾರ್ವಿನ್ನನ ಹೆಸರು ನೆನಪಾಗುತ್ತದೆ. ಅದೇ ತತ್ತ್ವವನ್ನು ಸ್ವತಂತ್ರವಾಗಿ ಕಂಡುಕೊಂಡು, 1858ರಲ್ಲಿ ಡಾರ್ವಿನ್ನನಿಗೇ ಬರೆದು ಕಳುಹಿಸಿದ ಆಲ್ಫ್ರೆಡ್ ರಸೆಲ್ ವಾಲೇಸನನ್ನು ಅರಿತವರು ಕಡಿಮೆ. ಆತನ ಆರಂಭದ ದಿನಗಳ ಕಥೆಯನ್ನಷ್ಟೇ ಇಲ್ಲಿ ಹೇಳುತ್ತೇವೆ.

1823ರಲ್ಲಿ ಹುಟ್ಟಿದ ವಾಲೇಸನು ಮನೆಯ ಅಡಚಣೆಯಿಂದ 14ನೆಯ ವಯಸ್ಸಿನಲ್ಲಿಯೇ ಶಾಲೆಯನ್ನು ಬಿಡಬೇಕಾಯಿತು. ಕೆಲವು ವರ್ಷ ಅಣ್ಣನೊಡನೆ ಭೂಮಿಯನ್ನು ಅಳೆಯುವ ಕೆಲಸ ಮಾಡಿ, 1844ರಲ್ಲಿ ಲೆಸ್ಟರ್ ನಗರದಲ್ಲಿ ಉಪಾಧ್ಯಾಯನಾದನು. ಅಲ್ಲಿ ಹೆನ್ರಿ ಬೇಟ್ಸ್ ಎಂಬ ತರುಣನ ಸ್ನೇಹವಾಯಿತು. ಊರಿನ ಆಸುಪಾಸಿನಲ್ಲಿಯೇ ಸುಮಾರು ಸಾವಿರ ಬಗೆಯ ಜೀರುಂಡೆಗಳಿರಬಹುದೆಂದು ಬೇಟ್ಸನಿಂದ ತಿಳಿದು ವಾಲೇಸನು ಬೆರಗಾದನು.

1848ರಲ್ಲಿ ಇಬ್ಬರೂ ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಕಡೆಗೆ ಹೊರಟರು. ಕೈಯಲ್ಲಿ ಹಣವಿರಲಿಲ್ಲ, ಹಿಡಿದ ಕೀಟ, ಪಕ್ಷಿಗಳನ್ನು ಲಂಡನ್ನಿಗೆ ಕಳುಹಿಸಿ ಮಾರಿ ಬಂದ ಹಣವೇ ಆಧಾರ. ವಾಲೇಸನು ನಾಲ್ಕು ವರ್ಷ ಕಾಡು, ಹೊಳೆಗಳಲ್ಲಿ ಅಲೆದನು. ಜೊತೆಗೂಡಲು ಬಂದ ತಮ್ಮನು 1851ರಲ್ಲಿ ಅಲ್ಲಿಯೇ ಜ್ವರದಿಂದ ತೀರಿಕೊಂಡನು. 1852ರ ಆಗಸ್ಟಿನಲ್ಲಿ ಊರಿಗೆ ಮರಳುವಾಗ ನಡುಗಡಲಿನಲ್ಲಿ ಹಡಗಿಗೆ ಬೆಂಕಿ ಬಿದ್ದಿತು. ಕೊನೆಯ ವರ್ಷಗಳ ಸಂಗ್ರಹವೆಲ್ಲ ಸುಟ್ಟುಹೋಯಿತು. ಮೀನು ಮತ್ತು ತಾಳೆಮರಗಳ ಚಿತ್ರಗಳಿದ್ದ ತಗಡಿನ ಪೆಟ್ಟಿಗೆಯೊಂದು ಉಳಿಯಿತು. ಸೋರುವ ದೋಣಿಗಳಲ್ಲಿ ಹತ್ತು ದಿನ ತೇಲಿದ ಬಳಿಕ ಬೇರೊಂದು ಹಡಗು ಅವರನ್ನು ರಕ್ಷಿಸಿತು.

ಬೆಂಕಿಗೆ ಸಿಗದ ಇನ್ನೊಂದು ವಸ್ತು ಆತನ ತಲೆಯಲ್ಲಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದಲ್ಲಿ ಅಮೆಜಾನಿನ ಕೋತಿಗಳನ್ನು ಕುರಿತು ಆತನ ಲೇಖನವನ್ನು ಓದಲಾಯಿತು. ಒಂದು ದಡದಲ್ಲಿ ಕಾಣುವ ಕೋತಿಯ ಜಾತಿ ಎದುರು ದಡದಲ್ಲಿ ಕಾಣದು. ಅಗಲವಾದ ನದಿಯೇ ಅದಕ್ಕೆ ಗಡಿ. ನದಿ ಕಿರಿದಾಗುವ ಮೂಲದ ಕಡೆಗೆ ಆ ಗಡಿಯೂ ಅಳಿಯುತ್ತದೆ. ಸ್ಥಳೀಯ ಬೇಟೆಗಾರರು ಇದನ್ನು ಮೊದಲೇ ಬಲ್ಲವರು. ಬೇಕಾದ ಪ್ರಾಣಿಗಾಗಿ ಅವರು ನದಿ ದಾಟಿಯೇ ಹೋಗುತ್ತಿದ್ದರು. ಪಂಡಿತರ ಸಂಗ್ರಹಾಲಯಗಳಲ್ಲಾದರೋ ಚೀಟಿಯ ಮೇಲೆ ಬರಿದೆ ‘ಬ್ರೆಜಿಲ್’ ಎಂದಿರುತ್ತಿತ್ತು! ಯಾವ ದಡವೆಂದು ಬರೆಯದಿದ್ದರೆ ಈ ಗುಟ್ಟು ಹೊರಬೀಳುವುದೆಂತು? ಪ್ರಾಣಿ ಯಾವುದೆಂಬುದರಷ್ಟೇ ಎಲ್ಲಿಯದೆಂಬುದೂ ಮುಖ್ಯವೆಂದು ವಾಲೇಸನು ಕಂಡುಕೊಂಡನು.

1854ರಲ್ಲಿ ಆತನು ಮಲಯ ದ್ವೀಪಗಳಿಗೆ ಹೊರಟನು. 1856ರಲ್ಲಿ ಬಾಲಿಯಿಂದ ಲೊಂಬೊಕ್ ದ್ವೀಪಕ್ಕೆ ದಾಟಿದನು. ನಡುವಣ ಕಡಲು ಸುಮಾರು 15 ಮೈಲಿ. ಬಾಲಿಯಲ್ಲಿ ಕಂಡ ಮರಕುಟಿಗಗಳು ಇಲ್ಲಿಲ್ಲ. ಅವುಗಳ ಬದಲು ಆಸ್ಟ್ರೇಲಿಯದ ಕಡೆಯ ಬಿಳಿಯ ಕಾಕಟೂ ಗಿಳಿಗಳು!