ಡಿಗ್ರಿ ಮುಗೀತು, ಮಗಳು ಮನೆಯಲ್ಲೇ ಯಾಕೆ?

ಬನಶಂಕರಿಗೆ ಹೋದವರು ದೇವಿ ದರ್ಶನ ಮುಗಿಸಿ ಸುಮ್ಮನೆ ಬಸ್ ಹತ್ತುವುದಿಲ್ಲ. ಬುಟ್ಟಿ ಹೊತ್ತು ಬರುವ ಹೆಂಗಸರ ಹತ್ತಿರ ಖಡಕ್ ರೊಟ್ಟಿ, ಪಲ್ಯ, ಚಟ್ನಿ, ಗಟ್ಟಿ ಮೊಸರು ಹಾಕಿಸಿಕೊಂಡು ನೆರಳು ಕಂಡಲ್ಲಿ ಕೂತು ಉಂಡೇ ಬರಬೇಕು. ನಸುಕಿನಲ್ಲೆದ್ದು ರೊಟ್ಟಿ ಬಡಿದು, ಸಂಜೆ ದುಡ್ಡು ಎಣಿಸಿಕೊಂಡು ಮನೆಗೆ ಹೋಗುವ ಈ ತಾಯಂದಿರಿಗೆ ದುಡಿಮೆಯ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಬಾದಾಮಿ, ಹುನಗುಂದ, ಇಳಕಲ್ಲ ಕಡೆ ಹೆಂಗಸರೇ ಹಾಗೆ. ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುವ ಅಜ್ಜಿಯೂ ಸುಮ್ಮನೆ ಕೂತವಳಲ್ಲ.

ಆದರೆ ಅದೇ ಮನೆಯಲ್ಲಿ ಕಣ್ಣು ಮಂದವಾದ, ಕಿವಿ ಕೇಳದ, ಇಲ್ಲವೇ ನಡೆಯಲು ಕಷ್ಟಪಡುವ ಮಗಳಿದ್ದರೆ? "ನೀ ಕುಂದ್ರವ್ವ, ನಿನಗ್ಯಾಕ ಆ ತ್ರಾಸು" ಅಂತ ಮೊದಲು ಹೇಳುವವಳೂ ಅವ್ವನೇ! ಪ್ರೀತಿಯಿಂದಲೇ ಹೇಳುತ್ತಾಳೆ, ನಿಜ. ಆದರೆ ಕಷ್ಟಪಟ್ಟು ಬಿ.ಎ., ಬಿ.ಕಾಂ. ಮುಗಿಸಿದ ಹುಡುಗಿ ಮಾರ್ಕ್ಸ್ ಕಾರ್ಡನ್ನು ಟ್ರಂಕಿನಲ್ಲಿಟ್ಟು ಟೀವಿ ಮುಂದೆ ಕೂತಿದ್ದರೆ ಅದಕ್ಕೆ ಅವಳ ಕಾಲೋ ಕಣ್ಣೋ ಮಾತ್ರ ಕಾರಣವಲ್ಲ. ಎಷ್ಟೋ ಮನೆಗಳಲ್ಲಿ ಕೆಲಸದ ಮಾತೇ ಎತ್ತುವುದಿಲ್ಲ. ಮಾಸಾಶನ ಬರ್ತದಲ್ಲ, ಸಾಕು ಅನ್ನುತ್ತಾರೆ. ಆದಾಯ ಮಿತಿ ದಾಟಿದರೆ ಮಾಸಾಶನ ನಿಲ್ಲುತ್ತದೆ ಅನ್ನೋ ಭಯವೂ ಸುಳ್ಳಲ್ಲ. ಆದರೆ ಒಂದು ಸಾಧಾರಣ ನೌಕರಿಯ ಸಂಬಳದ ಪಕ್ಕದಲ್ಲಿ ಆ ಮಾಸಾಶನ ಇಟ್ಟು ನೀವೇ ಲೆಕ್ಕ ಹಾಕಿ ನೋಡಿ.

ಮುಚ್ಚಿಟ್ಟರೆ ಯಾರಿಗೆ ನಷ್ಟ?

ಇನ್ನೊಂದು ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಸರ್ಟಿಫಿಕೇಟ್ ಮಾಡಿಸಿದ್ರ ನಾಕು ಮಂದಿಗೆ ಗೊತ್ತಾಗ್ತದ, ತಂಗಿ ಲಗ್ನಕ್ಕ ತೊಡಕಾಗ್ತದ." ಹೀಗಂತ ಸ್ವಲ್ಪ ಕಿವಿ ಮಂದ ಇರುವ, ಒಂದು ಕಣ್ಣು ಕಾಣದ ಹುಡುಗಿಯರನ್ನು ಏನೂ ಆಗಿಲ್ಲ ಅನ್ನುವಂತೆ ಬೆಳೆಸುತ್ತೇವೆ. ಕ್ಲಾಸಿನಲ್ಲಿ ಪಾಠ ಕೇಳಿಸದೆ ಅವಳು ಹಿಂದೆ ಬೀಳುತ್ತಾಳೆ, ಸಂದರ್ಶನದಲ್ಲಿ ಪ್ರಶ್ನೆ ಕೇಳಿಸದೆ ತಬ್ಬಿಬ್ಬಾಗುತ್ತಾಳೆ. ಕಾಗದವಿಲ್ಲದಿದ್ದರೆ ಮೀಸಲಾತಿಯೂ ಇಲ್ಲ. ಊರವರ ಬಾಯಿಗೆ ಹೆದರಿ ಮಗಳ ಅನ್ನ ಕಸಿದುಕೊಳ್ಳಬೇಡಿ. ಖಾರವಾಗಿ ಹೇಳ್ತಿದ್ದೀನಿ ಅನ್ನಿಸಿದರೆ ಅನ್ನಿಸಲಿ!

ಹಾಗಾಗಿ ಮೊದಲ ಕೆಲಸ ಯುಡಿಐಡಿ ಕಾರ್ಡ್. 2021ರ ಜೂನ್‌ನಿಂದ ಅಂಗವೈಕಲ್ಯ ಪ್ರಮಾಣಪತ್ರವನ್ನು ಆನ್‌ಲೈನ್‌ನಲ್ಲಿ, ಸ್ವಾವಲಂಬನ್ ಪೋರ್ಟಲ್ ಮೂಲಕವೇ ಕೊಡಬೇಕೆಂದು ನಿಯಮವಾಗಿದೆ. ಅರ್ಜಿ ಹಾಕಿದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರು ಪರೀಕ್ಷಿಸಿ ವೈಕಲ್ಯ ಶೇಕಡಾ ಎಷ್ಟು ಎಂದು ಬರೆಯುತ್ತಾರೆ. ಕಾರ್ಡಿನ ಮೇಲಿನ ಬಣ್ಣದ ಪಟ್ಟಿ ನೋಡಿದರೇ ತಿಳಿಯುತ್ತದೆ: ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಶಿಕ್ಷಣ, ನೌಕರಿಯ ಮೀಸಲಾತಿಗೆ ಕನಿಷ್ಠ ಶೇ. 40 ಬೇಕು. ಅರ್ಜಿ ತುಂಬಲು ಬರಲ್ಲ ಅಂತ ಕೂರಬೇಡಿ. ಹಳ್ಳಿಯಾದರೆ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಪಟ್ಟಣದಲ್ಲಾದರೆ ನಗರ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರ ಕೆಲಸವೇ ಇದು, ಸಂಕೋಚ ಬೇಡ.

ಕಾಲೇಜಿನಲ್ಲಿ ಕೇಳಿ, ಮೊದಲ ವರ್ಷದಲ್ಲೇ ಕೇಳಿ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯವನ್ನು ಗುರುತಿಸುತ್ತದೆ. 1995ರ ಹಳೆಯ ಕಾಯ್ದೆಯಲ್ಲಿ ಇದ್ದದ್ದು ಏಳೇ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಇವರಿಗೆ ಕನಿಷ್ಠ ಶೇ. 5 ಸೀಟು, ಪ್ರವೇಶದ ವಯೋಮಿತಿಯಲ್ಲಿ 5 ವರ್ಷದ ಸಡಿಲಿಕೆ. ಇಷ್ಟು ಸೀಟಿನ ಮಾತಾಯಿತು. ಸೀಟು ಸಿಕ್ಕ ಮೇಲೆ ಏನು ಅನ್ನುವುದೇ ಅಸಲಿ ಪ್ರಶ್ನೆ.

ಬಹಳಷ್ಟು ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್ ಸೆಲ್ ಇರುತ್ತದೆ. ಅದು ಎರಡನೇ ಮಹಡಿಯಲ್ಲಿದ್ದು ಲಿಫ್ಟ್ ಇಲ್ಲದಿದ್ದರೆ? ಕಂಪನಿಯವರು ಬರುವ ಸುದ್ದಿಯನ್ನು ಬರೀ ನೋಟಿಸ್ ಬೋರ್ಡಿಗೆ ಅಂಟಿಸಿದರೆ ಕಣ್ಣು ಕಾಣದವಳಿಗೆ ತಿಳಿಯುವುದು ಹೇಗೆ? ಗುಂಪು ಚರ್ಚೆ ಅಂದರೆ ಕಿವಿ ಕೇಳದವಳು ಏನು ಮಾಡಬೇಕು? ಇದನ್ನೆಲ್ಲ ಸರಿಪಡಿಸಲೆಂದೇ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2022ರಲ್ಲಿ ಸುಗಮ್ಯತೆಯ ಮಾರ್ಗಸೂಚಿ ಹೊರಡಿಸಿದೆ. ಆದರೆ ಮಾರ್ಗಸೂಚಿ ತಾನಾಗಿ ಮೆಟ್ಟಿಲು ಇಳಿದು ಬರುವುದಿಲ್ಲ. ಫೈನಲ್ ಇಯರ್ ಮುಗಿದ ಮೇಲೆ ಹೋಗಿ ಕೇಳಿದರೆ "ಮೊದಲೇ ಹೇಳಬಾರದಿತ್ತಾ" ಅನ್ನುವ ಉತ್ತರ ಸಿಗುತ್ತದೆ. ಅಡ್ಮಿಷನ್ ಆದ ತಿಂಗಳಲ್ಲೇ ಮಗಳನ್ನು ಕರೆದುಕೊಂಡು ಪ್ಲೇಸ್‌ಮೆಂಟ್ ನೋಡಿಕೊಳ್ಳುವ ಮೇಷ್ಟ್ರನ್ನು ಭೇಟಿ ಮಾಡಿ. ಸಮಾನ ಅವಕಾಶ ಕೋಶ ಇದೆಯೇ, ಅದರ ಉಸ್ತುವಾರಿ ಯಾರದು ಎಂದು ಕೇಳಿ. ಸುದ್ದಿ ಮೊಬೈಲಿಗೆ ಬರಲಿ, ಸಂದರ್ಶನ ನೆಲಮಹಡಿಯಲ್ಲಿ ನಡೆಯಲಿ ಎಂದು ಬರೆದುಕೊಡಿ. ಕೇಳುವವರೇ ಇಲ್ಲದ ಕಡೆ ರ‍್ಯಾಂಪ್ ಯಾರು ಕಟ್ಟಿಸುತ್ತಾರೆ, ನೀವೇ ಹೇಳಿ?

ಪರೀಕ್ಷೆಯ ಮಾತು. ಕೈಯಲ್ಲಿ ಬರೆಯಲಾಗದವರಿಗೆ ಲಿಪಿಕಾರರ ನೆರವು, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು 2018ರ ಕೇಂದ್ರ ಮಾರ್ಗಸೂಚಿ ಹೇಳಿತು. ಶೇ. 40 ಇಲ್ಲದಿದ್ದರೂ, ಬರೆಯುವುದಕ್ಕೇ ತೊಂದರೆ ಇದ್ದರೆ ಲಿಪಿಕಾರರನ್ನು ನಿರಾಕರಿಸುವಂತಿಲ್ಲ ಎಂದು 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ವಿಕಾಸ್ ಕುಮಾರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಲಿಪಿಕಾರರನ್ನು ನಾವು ಕರೆತರಬೇಕೋ, ಅವರೇ ಕೊಡುತ್ತಾರೋ ಅನ್ನುವ ನಿಯಮ ಮಾತ್ರ ಬದಲಾಗುತ್ತಿರುತ್ತದೆ. ಪ್ರತಿ ಸಲ ಅಧಿಸೂಚನೆಯನ್ನು ಪೂರ್ತಿ ಓದಿಕೊಳ್ಳಿ.

ಹೆಂಡತಿಯ ದನಿ, ಅಕ್ಕನ ಹಟ

ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಕೆಂಪಹೊನ್ನಯ್ಯ ಅವರ ಹೆಸರು ಕೇಳಿರಬಹುದು. ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡ ಅವರು ಪಾಠ ಹೇಳುವ ಕೆಲಸ ಮಾಡುತ್ತಲೇ ಓದಿ, 2016ರ ಯುಪಿಎಸ್‌ಸಿ ಪರೀಕ್ಷೆಯಲ್ಲಿ 340ನೇ ರ‍್ಯಾಂಕ್ ಪಡೆದು ಐಎಎಸ್ ಆದರು. ಅವರ ಪತ್ನಿ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿ ಕೊಡುತ್ತಿದ್ದರು, ಅವರು ಕೇಳಿ ಕೇಳಿ ಕಲಿತರು. ಒಂದು ಮೊಬೈಲ್, ದಿನಕ್ಕೆ ಒಂದು ತಾಸು... ಇದು ನಮ್ಮ ಕೈಯಲ್ಲೂ ಆಗದ ಕೆಲಸವೇನಲ್ಲ.

ಬೆಂಗಳೂರಿನ ಎನೇಬಲ್ ಇಂಡಿಯಾ ಸಂಸ್ಥೆ ಹುಟ್ಟಿದ್ದೂ ಮನೆಯೊಳಗಿಂದಲೇ. ತಮ್ಮನ ದೃಷ್ಟಿ ಹೋದಾಗ ಅವನ ಬದುಕು ಕಟ್ಟಲು ಟೊಂಕಕಟ್ಟಿ ನಿಂತ ಶಾಂತಿ ರಾಘವನ್ ಅವರು ಪತಿ ದೀಪೇಶ್ ಸುತಾರಿಯಾ ಜತೆಗೂಡಿ 1999ರಲ್ಲಿ ಇದನ್ನು ಶುರು ಮಾಡಿದರು. ವಿಕಲಚೇತನರಿಗೆ ತರಬೇತಿ ಕೊಟ್ಟು, ಕಂಪನಿಗಳ ಜತೆ ಮಾತಾಡಿ ಕೆಲಸಕ್ಕೆ ಸೇರಿಸುವುದು ಇವರ ಕಾಯಕ. ಸ್ವತಃ ಕಣ್ಣು ಕಾಣದ ಮಹಾಂತೇಶ್ ಕಿವಡಸಣ್ಣವರ 1997ರಲ್ಲಿ ಸ್ಥಾಪಿಸಿದ ಸಮರ್ಥನಂ ಟ್ರಸ್ಟ್ ಕೂಡ ಇಂಥದೇ ಕೆಲಸ ಮಾಡುತ್ತದೆ. ಬೆಂಗಳೂರಿನಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯದ ವಿಕಲಚೇತನರ ರಾಷ್ಟ್ರೀಯ ವೃತ್ತಿ ಸೇವಾ ಕೇಂದ್ರವೂ ಇದೆ. ಎಲ್ಲಾ ಬೆಂಗಳೂರಿನಲ್ಲೇ ಯಾಕ್ರೀ ಅಂತ ನೀವು ಕೇಳಿದರೆ ನನ್ನ ಸಿಟ್ಟೂ ಅದೇ. ಬನಶಂಕರಿಯಿಂದ ಅಲ್ಲಿಗೆ ಒಂದು ರಾತ್ರಿಯ ಪಯಣ. ನಮ್ಮ ಜಿಲ್ಲೆಯ ಕಾಲೇಜುಗಳು ಇವರನ್ನು ವರ್ಷಕ್ಕೊಮ್ಮೆ ಇಲ್ಲಿಗೇ ಕರೆಸಬಾರದೇ? ಪಾಲಕರ ಸಭೆಯಲ್ಲಿ ಈ ಮಾತು ಎತ್ತಿ.

ಕಂಪ್ಯೂಟರ್ ಕಲಿಕೆಗೆ ಮಾತ್ರ ಅಷ್ಟು ದೂರ ಹೋಗಬೇಕಿಲ್ಲ. ಪರದೆಯ ಮೇಲಿನ ಅಕ್ಷರ ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶ ಪೂರ್ತಿ ಉಚಿತ, ಕನ್ನಡವನ್ನೂ ಓದುತ್ತದೆ. ದನಿ ಯಂತ್ರದಂತೆ ಒರಟು, ವಾರ ಕಳೆದರೆ ರೂಢಿಯಾಗುತ್ತದೆ.

ಸರ್ಕಾರಿ ನೌಕರಿಯಲ್ಲಿ ಕಾಯ್ದೆ ಹೇಳುವುದು ಕನಿಷ್ಠ ಶೇ. 4 ಮೀಸಲಾತಿ. ದೃಷ್ಟಿದೋಷಕ್ಕೆ 1, ಶ್ರವಣದೋಷಕ್ಕೆ 1, ಕೈಕಾಲಿನ ವೈಕಲ್ಯಕ್ಕೆ 1, ಉಳಿದ ಒಂದು ಆಟಿಸಂ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವೈಕಲ್ಯಗಳಿಗೆ. ಖಾಸಗಿಯಲ್ಲಿ ಹೀಗೆ ಕಡ್ಡಾಯ ಮೀಸಲಾತಿ ಇಲ್ಲ. ಆದರೆ 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಸಮಾನ ಅವಕಾಶ ನೀತಿ ಪ್ರಕಟಿಸಬೇಕು, ಸಂಪರ್ಕಾಧಿಕಾರಿಯನ್ನು ನೇಮಿಸಬೇಕು. ಸಂದರ್ಶನಕ್ಕೆ ಹೋಗುವ ಮುನ್ನ ಮಗಳು ಎರಡು ವಾಕ್ಯ ಅಭ್ಯಾಸ ಮಾಡಿಕೊಳ್ಳಲಿ: ತನಗೆ ಏನು ಬರುತ್ತದೆ, ಆ ಕೆಲಸ ಮಾಡಲು ಏನು ಬೇಕು. "ನನಗೆ ಟ್ಯಾಲಿ ಬರುತ್ತೆ, ಕಂಪ್ಯೂಟರಿಗೆ ಈ ತಂತ್ರಾಂಶ ಹಾಕಿಕೊಡಿ" ಎಂದು ನೇರವಾಗಿ ಹೇಳಲಿ. ಕಾಯಿಲೆಯ ಕಥೆ ಬೇಡ. ನೀವು ಜತೆಗೆ ಹೋದರೂ ಹೊರಗಿನ ಬೆಂಚಿನಲ್ಲೇ ಕೂತಿರಿ. ಅವಳಿಗೆ ಕೇಳಿದ ಪ್ರಶ್ನೆಗೆ ಅವ್ವ ಉತ್ತರ ಕೊಟ್ಟರೆ ಕೆಲಸ ಕೊಡುವವರು ಏನು ತಿಳಿದುಕೊಂಡಾರು?

ಹಾಗೆಯೇ, ಕೆಲಸ ಸಿಗುವ ಮೊದಲೇ ಒಬ್ಬಳೇ ಓಡಾಡುವ ರೂಢಿಯಾಗಲಿ. ಸಾರಿಗೆ ಸಂಸ್ಥೆಯ ವಿಕಲಚೇತನರ ರಿಯಾಯಿತಿ ಪಾಸ್ ಊರಿನಿಂದ 100 ಕಿ.ಮೀ. ವರೆಗೆ ನಡೆಯುತ್ತದೆ. ಬನಶಂಕರಿ, ಬಾದಾಮಿಯಿಂದ ಬಾಗಲಕೋಟೆ ಆ ಮಿತಿಯೊಳಗೇ ಬಂತು. ಮೊದಲ ವಾರ ನೀವು ಜತೆಗೆ ಹೋಗಿ, ಎರಡನೇ ವಾರ ಹಿಂದಿನ ಸೀಟಿನಲ್ಲಿ ಕೂತು ಸುಮ್ಮನೆ ನೋಡಿ, ಮೂರನೇ ವಾರ ಮನೆಯಲ್ಲೇ ಇರಿ. ಆ ಮೂರನೇ ವಾರ ನಿಮಗೇ ಕಷ್ಟ, ಅವಳಿಗಲ್ಲ!

ಕಾಲೇಜಾಗಲಿ ಕಚೇರಿಯಾಗಲಿ "ಅಂಥಾ ಅನುಕೂಲ ನಮ್ಮಲ್ಲಿಲ್ಲ" ಅಂದರೆ ಬಾಯಿಮಾತಿಗೆ ವಾಪಸ್ ಬರಬೇಡಿ. ಅರ್ಜಿ ಬರೆದು ಕೊಟ್ಟು, ಎರಡನೇ ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಅದೇ ಪ್ರತಿಯನ್ನು ಲಗತ್ತಿಸಿ ಬೆಂಗಳೂರಿನ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಕಳಿಸಬಹುದು. ಅಂಚೆಯಲ್ಲಿ ಕಳಿಸಿದರೂ ನಡೆಯುತ್ತದೆ. ಅರ್ಜಿಗೂ ದೂರಿಗೂ ಸಹಿ ಮಾತ್ರ ನಿಮ್ಮದಲ್ಲ, ಮಗಳದ್ದೇ ಇರಲಿ.