ಏರಲೊಲ್ಲದ ಗಾಜು

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸುಮಾರು 20 ಕಿಲೋಮೀಟರು, ದೂರವೇನೂ ಅಲ್ಲ. ಆದರೆ ಆಷಾಢದ ಮಳೆ ಓರೆಯಾಗಿ ಬಡಿಯುತ್ತಿರುವಾಗ ಕಾರಿನ ಕಿಟಕಿಯ ಗಾಜು ಅರ್ಧಕ್ಕೆ ನಿಂತುಬಿಟ್ಟರೆ ಅದೇ ದಾರಿ ಕಾಶಿಯಾತ್ರೆಯಾಗುತ್ತದೆ. ನನ್ನ ಮಿತ್ರರೊಬ್ಬರಿಗೆ ಹಾಗಾಯಿತು. ಅವರದು ಹಳೆಯ ವಿದೇಶೀ ಸ್ಪೋರ್ಟ್ಸ್ ಕಾರು. ಎರಡೇ ಆಸನ, ಎರಡೇ ಬಾಗಿಲು. ಮಾಚೇನಹಳ್ಳಿಯ ಬಳಿ ಸ್ವಿಚ್ಚು ಒತ್ತಿದರೆ, ಗಾಜು ಮುದುಕರು ಮೆಟ್ಟಿಲೇರುವಂತೆ ನಾಲ್ಕು ಅಂಗುಲ ಏರಿ ನಿಂತಿತು. ಶಿವಮೊಗ್ಗ ತಲಪುವಷ್ಟರಲ್ಲಿ ಅವರ ತೋಳೂ ಆಸನದ ತೊಗಲೂ ನೆನೆದು ತೊಪ್ಪೆಯಾಗಿದ್ದವು.

“ಇನ್ನು ಹೊಸ ಮೋಟಾರನ್ನು ಹೊರದೇಶದಿಂದ ತರಿಸಬೇಕು, ಇಲ್ಲವೇ ಕಾರನ್ನೇ ಮಾರಬೇಕು” ಎಂದರು. ಮೋಟಾರಿನ ಬೆಲೆ ಕೇಳಿದ ಅವರ ಮನೆಯವರು ಎರಡನೆಯ ದಾರಿಯೇ ಲೇಸೆಂದರು.

ಬಾವಿಯ ರಾಟೆಯೇ ಇದು

ವಿದ್ಯುತ್ ಕಿಟಕಿಯೆಂದರೆ ಏನೋ ಮಾಯಾಯಂತ್ರವೆಂದು ಭಾವಿಸಬೇಕಾಗಿಲ್ಲ. 1940ರಲ್ಲಿ ಅಮೆರಿಕದ ಪ್ಯಾಕರ್ಡ್ ಕಾರಿನ ಗಾಜನ್ನು ದ್ರವದ ಒತ್ತಡದಿಂದ ಏರಿಸುತ್ತಿದ್ದರು. ಮುಂದೆ ಆ ಕೆಲಸ ಸಣ್ಣ ಮೋಟಾರಿನ ಪಾಲಿಗೆ ಬಂದಿತು. ಇಟಲಿಯ ಫೆರಾರಿ 308ರಂತಹ ಕಾರುಗಳಲ್ಲಿ ಮೋಟಾರಿಗೂ ಗಾಜಿಗೂ ನಡುವೆ ಇರುವುದು ಉಕ್ಕಿನ ಸಣ್ಣ ಹಗ್ಗ. ಅದು ಮೋಟಾರಿನ ಉರುಳೆಗೆ ಸುತ್ತಿಕೊಂಡು, ರಾಟೆಗಳ ಮೇಲೆ ಹಾದು, ಗಾಜಿನ ಬುಡವನ್ನು ಹಿಡಿದಿರುತ್ತದೆ. ಉರುಳೆ ತಿರುಗಿದಾಗ ಹಗ್ಗ ಒಂದು ಕಡೆ ಸುತ್ತಿಕೊಳ್ಳುತ್ತದೆ, ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತದೆ. ನಮ್ಮ ಹಿತ್ತಿಲ ಬಾವಿಯಲ್ಲಿ ಕೊಡ ಏರುವುದೂ ಹಗ್ಗ ರಾಟೆಗಳಿಂದಲೇ ಅಲ್ಲವೆ?

ಕೊಡ ಭಾರವೆನಿಸಿದಾಗ ಸೇದುವವರ ತೋಳಿನಲ್ಲಿ ಬಲವಿಲ್ಲದಿರಬಹುದು, ರಾಟೆ ತುಕ್ಕು ಹಿಡಿದಿರಬಹುದು, ಹಗ್ಗ ಸಿಕ್ಕಿಕೊಂಡಿರಬಹುದು. ಕಾರಿನ ಗಾಜಿಗೂ ಇದೇ ನ್ಯಾಯ.

ಕ್ರೇನಿನ ಹಗ್ಗ ಕಂಡ ಕಣ್ಣು

ಭದ್ರಾವತಿಯಲ್ಲಿ ಒಬ್ಬ ವೃದ್ಧ ಮೇಸ್ತ್ರಿಗಳಿದ್ದಾರೆ. ವಿಶ್ವೇಶ್ವರಯ್ಯನವರ ಮುಂದಾಳ್ತನದಲ್ಲಿ ಬೆಳೆದು, 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಅಲ್ಲಿನ ಕಾರ್ಖಾನೆಯಲ್ಲಿ ಅವರು ವರ್ಷಗಟ್ಟಲೆ ಕ್ರೇನಿನ ಉಕ್ಕಿನ ಹಗ್ಗಗಳನ್ನು ನೋಡಿಕೊಂಡವರು. ಮಳೆ ಬಿಟ್ಟ ಒಂದು ದಿನ ಮಿತ್ರರು ಕಾರನ್ನು ಅವರ ಮನೆಯಂಗಳಕ್ಕೆ ಒಯ್ದರು.

ಮೇಸ್ತ್ರಿಗಳು ಮೊದಲು ಸ್ಪ್ಯಾನರು ಹಿಡಿಯಲಿಲ್ಲ; ಪ್ರಶ್ನೆ ಕೇಳಿದರು. ಎರಡು ಕಿಟಕಿಗಳೂ ನಿಧಾನವೋ, ಒಂದೇ ಒಂದೋ? ಎಂಜಿನ್ ಚಾಲೂ ಇದ್ದಾಗ ಚುರುಕಾಗುತ್ತದೆಯೋ? ಎರಡೂ ನಿಧಾನವಾದರೆ ಎರಡಕ್ಕೂ ಸೇರಿದ ವಿದ್ಯುತ್ತಿನ ಹಾದಿಯ ಮೇಲೆ ಮೊದಲ ಸಂದೇಹ. ಒಂದೇ ಆದರೆ ಆ ಬಾಗಿಲಿನ ಮೇಲೆ. ಇಲ್ಲಿ ಎರಡೂ ನಿಧಾನ. ಬಲಗಡೆಯದು ತೀರ ನಿಧಾನ.

ಬಾಗಿಲಿನ ಒಳಹಲಗೆ ಬಿಚ್ಚಿ, ಗಾಜು ಏರುತ್ತಿರುವಾಗಲೇ ಮೋಟಾರಿನ ತುದಿಗಳಲ್ಲಿ ಮೀಟರು ಹಿಡಿದರು. ಸುಮ್ಮನಿರುವ ತಂತಿಯನ್ನು ಅಳೆದರೆ ದೋಷ ಕಾಣದು. ಭಾರ ಹೊತ್ತಾಗಲೇ ಅದು ಬಯಲಾಗುವುದು. ಬ್ಯಾಟರಿಯಲ್ಲಿ 12 ವೋಲ್ಟಿಗೂ ಮಿಗಿಲು. ಮೋಟಾರಿಗೆ ಸಿಗುತ್ತಿದ್ದುದು 9.

“ಮೋಟಾರಿಗೆ ಮುಪ್ಪು ಬಂದಿಲ್ಲ ಸಾರ್, ಹೊಟ್ಟೆಗೆ ಸಾಲುತ್ತಿಲ್ಲ, ಅಷ್ಟೆ” ಎಂದರು ಮೇಸ್ತ್ರಿಗಳು.

ಸ್ವಿಚ್ಚಿನ ಒಳಗೆ ಕಿಲುಬು. ಅರ್ಥ್ ತಂತಿಯ ಬುಡದಲ್ಲಿ ತುಕ್ಕು. ಅವೆರಡನ್ನೂ ಉಜ್ಜಿದರು. ಪ್ರತಿ ಮೋಟಾರಿಗೂ ಎರಡೆರಡು ರಿಲೇ ಕೂಡಿಸಿ, ನಡುವೆ ಫ್ಯೂಸು ಇಟ್ಟು, ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿ ಎಳೆದರು. ಸ್ವಿಚ್ಚು ಇನ್ನು ಅಪ್ಪಣೆ ಕೊಡುವ ದಣಿ ಮಾತ್ರ. ಹೊರೆ ಹೊರುವುದು ರಿಲೇ.

ಮಿತ್ರರ ಸಲಹೆ, ಮೇಸ್ತ್ರಿಗಳ ನಗೆ

ಎಡಗಡೆಯ ಗಾಜು ಚುರುಕಾಯಿತು. ಬಲಗಡೆಯದು ಇನ್ನೂ ಮುಲುಗುಟ್ಟುತ್ತಿತ್ತು. ಬ್ಯಾಟರಿಯ ತಂತಿ ಕಳಚಿ, ಗಾಜು ಜಾರದಂತೆ ಮರದ ಬೆಣೆ ಕೊಟ್ಟು, ಹಗ್ಗದಿಂದ ಗಾಜನ್ನು ಬಿಡಿಸಿದರು. ಈ ಎಚ್ಚರ ತಪ್ಪಿದರೆ ಬೆರಳಿಗೆ ಅಪಾಯ. ಗಾಜನ್ನು ಕೈಯಿಂದ ಎತ್ತಿದರೂ ಬಿಗಿ! ಅದು ಜಾರುವ ರಬ್ಬರು ಒಣಗಿ ಕಲ್ಲಾಗಿತ್ತು. ರಾಟೆಯ ಹಳೆಯ ಗ್ರೀಸು ಮೇಣವಾಗಿತ್ತು. ಹಗ್ಗದ ಒಂದೆಳೆ ಹರಿದು ಮುಳ್ಳಿನಂತೆ ಚಾಚಿತ್ತು.

“ಸೈಕಲ್ಲಿನ ಬ್ರೇಕು ತಂತಿ ಹಾಕಿದರಾಗದೆ?” ಎಂದರು ಮಿತ್ರರು. ಮೇಸ್ತ್ರಿಗಳು ನಕ್ಕರು. ಬ್ರೇಕಿನ ತಂತಿ ಎಳೆತಕ್ಕೆ ಗಟ್ಟಿ. ಆದರೆ ಸಣ್ಣ ರಾಟೆಯ ಮೇಲೆ ಮತ್ತೆ ಮತ್ತೆ ಬಾಗಿದರೆ ಅದರ ದಪ್ಪ ಎಳೆಗಳು ಬೇಗ ದಣಿದು ಮುರಿಯುತ್ತವೆ. ಕ್ರೇನಿನಲ್ಲಿಯೂ ಅದೇ ನಿಯಮ: ರಾಟೆ ಸಣ್ಣದಾದಷ್ಟೂ ಹಗ್ಗದ ಎಳೆ ನವುರಾಗಿರಬೇಕು. ಅದೇ ಗಾತ್ರದ, ನವುರಾದ ಅನೇಕ ಎಳೆಗಳ ಉಕ್ಕಿನ ಹಗ್ಗ ತರಿಸಿ ಸುತ್ತಿದರು. ಬಿಗಿ ಹೆಚ್ಚಾದರೆ ಮೋಟಾರಿಗೆ ಹೊರೆ, ಸಡಿಲವಾದರೆ ಹಗ್ಗ ಉರುಳೆಯಿಂದ ಜಾರುತ್ತದೆ. ಆದುದರಿಂದ ಬೆರಳಿನಿಂದ ಒತ್ತಿ ಒತ್ತಿ ಹದ ನೋಡಿದರು. ರಬ್ಬರಿಗೆ ಎಂಜಿನ್ ಎಣ್ಣೆ ಸೋಕಿಸಲಿಲ್ಲ. ಅದು ರಬ್ಬರನ್ನು ಉಬ್ಬಿಸುತ್ತದೆ, ಧೂಳನ್ನೂ ಹಿಡಿಯುತ್ತದೆ. ಸಿಲಿಕೋನ್ ಸವರಿದರು.

ಹೊರದೇಶದ ಮೋಟಾರು ಬರಲೇ ಇಲ್ಲ, ಕಾರೂ ಮಾರಾಟವಾಗಲಿಲ್ಲ. ಮರಳುವಾಗ ಮಾಚೇನಹಳ್ಳಿಯ ಬಳಿ ಮತ್ತೆ ಮಳೆ ಹಿಡಿಯಿತು. ಮಿತ್ರರು ಸ್ವಿಚ್ಚು ಒತ್ತಿದರು. ಗಾಜು ತಡೆಯಿಲ್ಲದೆ ಏರಿ ಮುಚ್ಚಿಕೊಂಡಿತು. ಮಳೆ ಹೊರಗೇ ಉಳಿಯಿತು.